ಹಾಲಿನ ಕ್ಯಾನಿನಡಿಯ ವೈಫೈ

ನಿವೃತ್ತ ವಿಜ್ಞಾನದ ಮೇಷ್ಟ್ರು ಆದಿನಾರಾಯಣಪ್ಪನವರು ಅಂದು ಬೆಳಗ್ಗೆ ಹಲ್ಲುಪುಡಿಯ ಬಾಯಲ್ಲೇ ಘೋಷಿಸಿದರು: “ಇವತ್ತು ನನ್ನ ನರನೋವಿನ ಶತ್ರುವನ್ನ ಹಿಡೀದಿದ್ರೆ, ಮೂವತ್ತನಾಲ್ಕು ವರ್ಷ ಪಾಠ ಹೇಳಿದ್ದೇ ದಂಡ!”

“ಮೊದ್ಲು ಬಾಯಿ ಮುಕ್ಕಳಿಸ್ರೀ,” ಎಂದರು ಮಡದಿ ಅಕ್ಕಯಮ್ಮ.

ಸೊಂಟದಿಂದ ಕಿರುಬೆರಳಿನವರೆಗೆ ಮಿಂಚು ಹೊಡೆದಂತಾಗುವ ಆ ನೋವಿಗೆ ಎರಡು ತಿಂಗಳು. ಪಡಸಾಲೆಗೆ ವೈಫೈ ಪೆಟ್ಟಿಗೆ ಬಂದೂ ಎರಡೇ ತಿಂಗಳು! ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಆದರೆ ಅಕ್ಕಯಮ್ಮ ಊರಿನ ಹಾಲು ಸಂಘದ ಕಾರ್ಯದರ್ಶಿ. ಸಂಘ ನಡೆಯುವುದೂ ಅದೇ ಪಡಸಾಲೆಯಲ್ಲಿ. “ಆ ಪೆಟ್ಟಿಗೆ ಮುಟ್ಟಿದ್ರೆ ನೋಡಿ!” ಎಂದು ಕಟ್ಟಪ್ಪಣೆಯಾಗಿತ್ತು.

ಲೋಹವು ತರಂಗಗಳನ್ನು ತಡೆಯುತ್ತದೆ. ಮಡದಿ ಕೊಟ್ಟಿಗೆಗೆ ಹೋದದ್ದೇ ತಡ, ಮೇಷ್ಟ್ರು ಪೆಟ್ಟಿಗೆಯನ್ನು ನೆಲಕ್ಕಿಳಿಸಿ, ಅದರ ಮೇಲೆ ಅಲ್ಯೂಮಿನಿಯಂ ಹಾಲಿನ ಕ್ಯಾನನ್ನು ಬೋರಲು ಹಾಕಿದರು. ತೊಳೆದು ಬೋರಲಿಟ್ಟ ಹನ್ನೊಂದು ಕ್ಯಾನುಗಳ ಸಾಲಿನಲ್ಲಿ ಹನ್ನೆರಡನೆಯದು ಯಾರ ಕಣ್ಣಿಗೆ ಬಿದ್ದೀತು!

ಆರೂವರೆಗೆ ಜನ ಬಂದರು. ಹಾಲನ್ನು ಪರೀಕ್ಷಿಸುವ ಯಂತ್ರ ಚೀಟಿ ಕೊಡಲಿಲ್ಲ. ಅದಕ್ಕೂ ನೆಟ್ ಬೇಕೆಂಬುದು ಮೇಷ್ಟ್ರಿಗೆ ಹೊಳೆದದ್ದು ಆಗಲೇ! ಸಾಲು ಬೀದಿಗೆ ಬೆಳೆಯಿತು. ಏಳೂವರೆಗೆ ಬರುವ ಲಾರಿ ತಪ್ಪಿದರೆ ಇಡೀ ಊರಿನ ಹಾಲು ಮಣ್ಣುಪಾಲು!

“ಏನಕ್ಕಾ, ಯಂತ್ರಾನೂ ಮಲಗ್ಬಿಡ್ತಾ? ಈ ಹಾಲೆಲ್ಲ ವಾಪಸ್ ಎಮ್ಮೆಗೇ ಕುಡಿಸ್ಲಾ?” ಎಂದು ಜವರಪ್ಪ ಬಕೆಟ್ಟು ಕುಟ್ಟಿದ.

“ವೈರ್ ಎಲ್ಲೋ ಕಟ್ಟಾಗಿರ್ಬೇಕು. ರೀ, ಹೋಗಿ ನೋಡ್ಕೊಂಡ್ ಬನ್ನಿ!”

ಕಳ್ಳನನ್ನೇ ಕಳ್ಳನ ಶೋಧಕ್ಕೆ ಅಟ್ಟಿದಂತಾಯಿತು! ಮೇಷ್ಟ್ರು ಕತ್ತೆತ್ತಿ ತಂತಿ ನೋಡುತ್ತ ಶಾಲೆಯವರೆಗೆ ನಡೆದು ಬಂದರು. “ಸಿಗ್ಲಿಲ್ಲ.”

“ಸರಿಯಾಗ್ ನೋಡಿ, ಹೋಗಿ!”

ಎರಡನೆಯ ಸಲ ಮರಳುವಾಗ ಬೀದಿಯ ನಡುವೆಯೇ ಗಕ್ಕನೆ ನಿಂತರು. ಕಾಲಿನಲ್ಲಿ ಮಿಂಚಿಲ್ಲ! ಸಿಡಿಲಿಲ್ಲ! ಓಡೋಡಿ ಒಳಬಂದರು.

“ಹೋಯ್ತು ಕಣೇ! ನೋವು ಹೋಯ್ತು!”

“ಇಲ್ಲಿ ನೆಟ್ ಹೋಗಿದೆ. ನಿಮ್ಮ ನೋವು ಯಾರಿಗ್ರೀ ಬೇಕು?”

“ನೆಟ್ ಹೋಗಿದ್ದಕ್ಕೇ ನೋವು ಹೋಗಿದ್ದು!” ಎಂದವರೇ ಮೇಷ್ಟ್ರು ಮಹಾವಿಜ್ಞಾನಿಯ ಗತ್ತಿನಲ್ಲಿ ಕ್ಯಾನೆತ್ತಿದರು.

ಪೆಟ್ಟಿಗೆ ಹಸಿರು ದೀಪ ಮಿಟುಕಿಸಿತು. ಸಾಲಿನವರೆಲ್ಲ ಮೇಷ್ಟ್ರನ್ನೇ ನೋಡಿದರು. ಹೊರಗೆ ಲಾರಿ ಹಾರ್ನ್ ಹೊಡೆಯಿತು! ಜವರಪ್ಪ ಲಾರಿಯ ಮುಂದೆ ಬಕೆಟ್ ಸಮೇತ ಅಡ್ಡ ನಿಂತದ್ದರಿಂದ ಹಾಲು ಉಳಿಯಿತು. ಮೇಷ್ಟ್ರ ಮರ್ಯಾದೆ ಮಾತ್ರ ಉಳಿಯಲಿಲ್ಲ.

ಮಾರನೆಯ ದಿನ ಅಕ್ಕಯಮ್ಮ ಅವರನ್ನು ಹೊಸಕೋಟೆಗೆ ಎಳೆದೊಯ್ದರು. ಅಲ್ಲಿನ ಡಾಕ್ಟರ್ ಪದ್ಮಶ್ರೀ ಮೇಷ್ಟ್ರ ಹಳೆಯ ಶಿಷ್ಯೆ. ನಡೆದದ್ದನ್ನೆಲ್ಲ ಕೇಳಿ, ಸೊಂಟ ಒತ್ತಿ, ಕಾಲೆತ್ತಿಸಿ ನೋಡಿ ಅವಳೆಂದಳು: “ವೈಫೈಯಿಂದ ನರನೋವು ಬರುತ್ತೆ ಅಂತ ಇನ್ನೂ ಸಾಬೀತಾಗಿಲ್ಲ ಸರ್. ನಿನ್ನೆ ಎರಡು ಸಲ ನಡೆದ್ರಲ್ಲ, ಅದಕ್ಕೇ ನರ ಸಡಿಲಾಗಿದೆ. ದಿನಾ ಬೆಳಗ್ಗೆ ಏನ್ ಮಾಡ್ತೀರಿ?”

ಉತ್ತರ ಅಕ್ಕಯಮ್ಮನವರಿಂದ ಬಂತು.

“ಒಂದು ಕಾಲು ಮಡಚ್ಕೊಂಡು, ಅಲ್ಲಾಡ್ದಂಗೆ ಮೂರು ಗಂಟೆ ಕೂತು, ‘ವೈಫೈಯಿಂದ ನರನೋವು ಬರುತ್ತಾ’ ಅಂತ ಫೋನಲ್ಲಿ ಓದ್ತಾರೆ ಕಣಮ್ಮಾ!”

“ಹಾಗೆ ಓದಿದ್ರೆ,” ಎಂದಳು ಶಿಷ್ಯೆ, “ಖಂಡಿತ ಬರುತ್ತೆ ಸರ್!”