ಪಟ್ಟಿಯಾದ ನಿಧಿಯನ್ನು ಪಟ್ಟಿಯಾಗದ ನಿಧಿಯೊಂದಿಗೆ ಹೋಲಿಸಬಾರದೆಂಬ ಬಗ್ಗೆ

ನೌಕರರ ಹಿತನಿಧಿ ವಿಭಾಗ (ಕನ್ನಡ ಶಾಖೆ)
ಬೇಗಂಪೇಟೆ, ಹೈದರಾಬಾದ್

ಸಂಖ್ಯೆ: ಹಿನಿವಿ/ಕಶಾ/ಹೋ.ನಿ./೧೭(ಅ)/ತಿದ್ದುಪಡಿಯ ತಿದ್ದುಪಡಿ
ದಿನಾಂಕ: ತಿಂಗಳ ಕೊನೆಯ ಕೆಲಸದ ದಿನ, ಸಂಜೆ ೪.೫೦

ವಿಷಯ: ಉಳಿತಾಯದ ಹಣ ತೊಡಗಿಸಿರುವ ಎರಡು ನಿಧಿಗಳನ್ನು ಸದಸ್ಯರು ತಾವಾಗಿಯೇ ಹೋಲಿಸಿ ನೋಡುತ್ತಿರುವ ಅಶಿಸ್ತಿನ ಕುರಿತು.

ಉಲ್ಲೇಖ: (೧) ವಿಭಾಗದ ಮೂರು ವರ್ಷದ ಹಿಂದಿನ ಸುತ್ತೋಲೆ. ಇದನ್ನು ಸದಸ್ಯರು ಯಾರೂ ಪೂರ್ತಿ ಓದಿಲ್ಲ.
(೨) ಕೂಕಟ್‌ಪಲ್ಲಿ ನಿವಾಸಿ, ನಿವೃತ್ತ ದೂರವಾಣಿ ನಿರ್ವಾಹಕಿ ಶ್ರೀಮತಿ ಅಂಬುಬಾಯಿ ಅವರ ಅರ್ಜಿ. ಇದನ್ನು ವಿಭಾಗ ಪೂರ್ತಿ ಓದಿದೆ. ಆದ್ದರಿಂದಲೇ ಈ ಸುತ್ತೋಲೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಲ್ಲ ಹಾಲಿ ಹಾಗೂ ನಿವೃತ್ತ ಸದಸ್ಯರ ಗಮನಕ್ಕೆ, ಅವರಲ್ಲಿ ಅದು ಇದ್ದ ಮಟ್ಟಿಗೆ, ಈ ಕೆಳಗಿನಂತೆ ತರಲಾಗಿದೆ.

೧. ಪಟ್ಟಿಯಾದ ನಿಧಿ ಎಂದರೆ ಷೇರು ವಿನಿಮಯ ಕೇಂದ್ರದ ಪಟ್ಟಿಯಲ್ಲಿ ಹೆಸರಿರುವ ನಿಧಿ. ಪೇಟೆ ತೆರೆದಿರುವಷ್ಟು ಹೊತ್ತೂ ಅದನ್ನು ಕೊಳ್ಳಬಹುದು, ಮಾರಬಹುದು. ಅದರ ದರ ಕ್ಷಣಕ್ಷಣವೂ ಎಲ್ಲರಿಗೂ ಕಾಣುತ್ತದೆ. ಪಟ್ಟಿಯಾಗದ ನಿಧಿಯ ದರ ದಿನಕ್ಕೊಮ್ಮೆ, ಪೇಟೆ ಮುಚ್ಚಿದ ಮೇಲೆ ತಿಳಿಯುತ್ತದೆ. ಅದನ್ನು ಕೊಳ್ಳಲು ವಿಭಾಗದ ಕಿಟಕಿಯಲ್ಲಿ ಅರ್ಜಿ ಕೊಡಬೇಕು. ಎರಡರಲ್ಲೂ ಯಾವ ಷೇರು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವ ನಿರ್ವಾಹಕ ಒಬ್ಬನೇ. ಅವನು ಕೊಳ್ಳುವ ಷೇರುಗಳೂ ಅವೇ. ಇಲ್ಲಿಗೆ ಹೋಲಿಕೆ ಮುಗಿಯಿತೆಂದು ತಿಳಿಯತಕ್ಕದ್ದು.

೨. ಮೂರು ವರ್ಷದ ಹಿಂದೆ ಯಾವ ನಿಧಿ ಬೇಕೆಂದು ಸದಸ್ಯರನ್ನು ಕೇಳಲಾಗಿತ್ತು. ಆ ಸುತ್ತೋಲೆಯನ್ನು ಬರೆದ ಗುಮಾಸ್ತ ಶ್ರೀ ನರಹರಿ ಅವರು ಮಂಡ್ಯದ ಕಡೆಯವರು. ಅವರ ಕಡೆ ಪಟ್ಟಿ ಎಂದರೆ ಹೆಸರುಗಳನ್ನು ಬರೆದ ಹಾಳೆ. ಸದಸ್ಯರಲ್ಲಿ ಬಹುತೇಕರು ಬೀದರ್, ಕಲಬುರಗಿ, ಧಾರವಾಡದ ಕಡೆಯವರು. ಅವರ ಮನೆಗಳಲ್ಲಿ ಆ ಹಾಳೆಗೆ ಯಾದಿ ಎನ್ನುತ್ತಾರೆ. ಪಟ್ಟಿ ಎಂದರೆ ಗಣಪತಿ ಕೂಡಿಸಲು ಮನೆಮನೆಗೆ ಬಂದು ಎತ್ತುವ ವಂತಿಗೆ. ಹೀಗಾಗಿ ಪಟ್ಟಿಯಾದ ನಿಧಿಯೆಂದರೆ ವರ್ಷಾವರ್ಷ ವಂತಿಗೆ ಕೀಳುವ ನಿಧಿಯೆಂದು ತಿಳಿದು, ೪೩೧ ಸದಸ್ಯರ ಪೈಕಿ ೪೧೨ ಮಂದಿ ಪಟ್ಟಿಯಾಗದ ನಿಧಿಯನ್ನು ಆರಿಸಿಕೊಂಡರು. ಹಲವರು ಅರ್ಜಿಯ ಅಂಚಿನಲ್ಲಿ "ಪಟ್ಟಿ ಬ್ಯಾಡ್ರಿ" ಎಂದು ಸ್ಪಷ್ಟವಾಗಿ ಬರೆದಿರುವುದೂ ಕಡತದಲ್ಲಿದೆ.

೩. ಆಗಲೇ ಸರಿಪಡಿಸಲಿಲ್ಲವೇಕೆ ಎಂದು ಕೆಲವರು ಕೇಳುತ್ತಿದ್ದಾರೆ. ಸದಸ್ಯರು ತಪ್ಪು ತಿಳಿದುಕೊಂಡಿದ್ದು ತಮ್ಮ ಸ್ವಂತ ಭಾಷೆಯಲ್ಲಿ. ಅದರಲ್ಲಿ ಕೈಹಾಕುವ ಅಧಿಕಾರ ವಿಭಾಗಕ್ಕಿಲ್ಲ.

೪. ಶುಲ್ಕದ ವಿವರ: ಪಟ್ಟಿಯಾದ ನಿಧಿಯಲ್ಲಿ ವರ್ಷಕ್ಕೆ ನೂರಕ್ಕೆ ಅರ್ಧ ರೂಪಾಯಿ, ಪಟ್ಟಿಯಾಗದ ನಿಧಿಯಲ್ಲಿ ಒಂದೂಮುಕ್ಕಾಲು. ನಡುವಿನ ಒಂದೂಕಾಲು ರೂಪಾಯಿ ಅರ್ಜಿ ಸ್ವೀಕರಿಸಿದ ಮಧ್ಯವರ್ತಿಗೆ ಸಲ್ಲುತ್ತದೆ. ಅರ್ಜಿಯನ್ನು ಈ ವಿಭಾಗ ಸ್ವೀಕರಿಸಿರುವುದರಿಂದ ಅದು ಈ ವಿಭಾಗಕ್ಕೆ ಸಂದಿದೆ. ಇದಕ್ಕೆ ಪಟ್ಟಿ ಎನ್ನಕೂಡದು. ಮಾರ್ಗದರ್ಶನ ಶುಲ್ಕ ಎನ್ನಬೇಕು. ಮಾರ್ಗದರ್ಶನವೇನೆಂದರೆ, ಅರ್ಜಿ ಹಾಕುವ ಕಿಟಕಿ ಎಡಗಡೆ ಇದೆ ಎಂಬ ಫಲಕ.

೫. ಪಟ್ಟಿಯಾದ ನಿಧಿಯ ದೋಷಗಳನ್ನು ಮುಚ್ಚಿಟ್ಟಿದ್ದಾರೆಂಬ ಆರೋಪ ಬರಬಾರದು. ಆ ನಿಧಿಗೆ ಡಿಮ್ಯಾಟ್ ಖಾತೆ ಬೇಕು. ದಲ್ಲಾಳಿಗೆ ಕಮಿಷನ್ ಕೊಡಬೇಕು. ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಅಂತರವಿರುತ್ತದೆ. ಗಿರಾಕಿಗಳಿಲ್ಲದ ದಿನ ಅಂತರ ಇನ್ನೂ ಬೆಳೆಯುತ್ತದೆ. ದರ ಸದಾ ಕಣ್ಣಿಗೆ ಬೀಳುವುದರಿಂದ ಬುದ್ಧಿ ಇಲ್ಲದವರು ಬೆಳಿಗ್ಗೆ ಕೊಂಡು ಮಧ್ಯಾಹ್ನ ಮಾರುತ್ತಾರೆ. ಇವೆಲ್ಲ ನಿಜ, ಮತ್ತು ಇವನ್ನು ಅಂಗೈಯಗಲದ ಅಕ್ಷರಗಳಲ್ಲಿ ಬರೆಸಿ ಮೆಟ್ಟಿಲ ಬಳಿ ತೂಗುಹಾಕಲಾಗಿದೆ. ನಾಲ್ಕನೇ ಕಲಮಿನ ಶುಲ್ಕದ ವಿವರವನ್ನೂ ಅಲ್ಲೇ ಬರೆಸಲಾಗಿದೆ, ಸಾಸಿವೆ ಕಾಳಿನಷ್ಟು ಅಕ್ಷರಗಳಲ್ಲಿ, ಫಲಕದ ಹಿಂಬದಿಗೆ.

೬. ಇನ್ನು ಮುಂದೆ ಈ ಕೆಳಗಿನಂತೆ ನಡೆದುಕೊಳ್ಳಲು ಸೂಚಿಸಲಾಗಿದೆ:

(ಅ) ಎರಡು ನಿಧಿಗಳ ಮಾಹಿತಿ ಪುಸ್ತಿಕೆಗಳನ್ನು ಒಂದೇ ಮೇಜಿನ ಮೇಲೆ ಇಡಕೂಡದು. ಒಂದನ್ನು ಓದಿದವರು ನಲವತ್ತು ದಿನ ಬಿಟ್ಟು, ಮೊದಲನೆಯದನ್ನು ಮರೆತಿರುವುದಾಗಿ ಪ್ರಮಾಣಪತ್ರ ಸಲ್ಲಿಸಿ, ಇನ್ನೊಂದನ್ನು ಓದಬಹುದು.

(ಆ) ಗಂಡನ ಹಣ ಒಂದು ನಿಧಿಯಲ್ಲಿ, ಹೆಂಡತಿಯ ಹಣ ಇನ್ನೊಂದರಲ್ಲಿ ಇದ್ದರೆ ಊಟದ ಹೊತ್ತಿನಲ್ಲಿ ಹವಾಮಾನದ ಬಗ್ಗೆ ಮಾತ್ರ ಮಾತನಾಡತಕ್ಕದ್ದು.

(ಇ) ಪಟ್ಟಿಯಾದ ನಿಧಿಯ ದರವನ್ನು ಮೊಬೈಲಿನಲ್ಲಿ ೧೧.೨೦ರಿಂದ ೧೧.೨೫ರವರೆಗೆ ನಿಂತುಕೊಂಡು ನೋಡಬಹುದು. ಮುಖದಲ್ಲಿ ಸಂತೋಷ ಕಂಡುಬಂದರೆ ಲಿಖಿತ ವಿವರಣೆ ಕೊಡಬೇಕು. ಪಟ್ಟಿಯಾಗದ ನಿಧಿಯವರಿಗೆ ಆ ಹೊತ್ತಿನಲ್ಲಿ ನೋಡಲು ದರವಿಲ್ಲದ ಕಾರಣ ಅವರು ಉತ್ತರದ ಗೋಡೆಯನ್ನು ನೋಡಬಹುದು. ಮಾರ್ಗದರ್ಶನ ಶುಲ್ಕದಿಂದಲೇ ಅದಕ್ಕೆ ಬಣ್ಣ ಹೊಡೆಸಲಾಗಿದೆ.

(ಈ) ಕಚೇರಿಯ ಆವರಣದಲ್ಲಿ ಯಾದಿ ಎಂಬ ಪದವನ್ನು ಬಳಸಕೂಡದು. ಅದನ್ನು ಬಳಸಿದರೆ ಎಲ್ಲರಿಗೂ ಅರ್ಥವಾಗುತ್ತದೆ ಎಂಬುದು ವಿಭಾಗದ ಅನುಭವ.

೭. ವಿಭಾಗದ ಒಂಬತ್ತು ಅಧಿಕಾರಿಗಳು ತಮ್ಮ ಸ್ವಂತ ಹಣವನ್ನು ಪಟ್ಟಿಯಾದ ನಿಧಿಯಲ್ಲಿ ಇಟ್ಟಿದ್ದಾರೆಂಬ ಗಾಳಿಸುದ್ದಿ ಹರಡಿದೆ. ಇದು ಶುದ್ಧ ಸುಳ್ಳು. ಎಂಟು ಅಧಿಕಾರಿಗಳು. ಐದನೇ ಕಲಮಿನ ದೋಷಗಳೆಲ್ಲವನ್ನೂ ಸದಸ್ಯರ ಪರವಾಗಿ ತಾವೇ ಅನುಭವಿಸುವ ಉದ್ದೇಶದಿಂದ ಅವರು ಹೀಗೆ ಮಾಡಿರುತ್ತಾರೆ. ಇಂಥವರ ಬಗ್ಗೆ ಕ್ಯಾಂಟೀನಿನಲ್ಲಿ ಆಡಿಕೊಂಡದ್ದು ಕೇಳಿ ವಿಭಾಗಕ್ಕೆ ನಿಜವಾಗಿಯೂ ನೋವಾಗಿದೆ.

೮. ಶ್ರೀಮತಿ ಅಂಬುಬಾಯಿ ಅವರ ಪ್ರಕರಣ. ಇವರು ಈ ಕಚೇರಿಯ ದೂರವಾಣಿ ವಿನಿಮಯ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೆಲಸ ಮಾಡಿದವರು. ಈಗ ಎರಡೂ ಕಿವಿ ಕೇಳುವುದಿಲ್ಲ. ಶ್ರವಣಯಂತ್ರ ಕೊಳ್ಳಲು ಹಣ ತೆಗೆಯಬೇಕೆಂದಾಗ ಮೊಮ್ಮಗಳು ಅಮಿತಾ ಎರಡೂ ನಿಧಿಗಳ ಲೆಕ್ಕವನ್ನು ಮೊಬೈಲಿನಲ್ಲಿ ಅಕ್ಕಪಕ್ಕ ಇಟ್ಟು ತೋರಿಸಿದ್ದಾಳೆ. ಇದು ೬(ಅ)ರ ಉಲ್ಲಂಘನೆ; ೬(ಅ) ಇವತ್ತು ಜಾರಿಗೆ ಬಂದಿದ್ದರೂ ಉಲ್ಲಂಘನೆಯೇ. ಅವರ ಹನ್ನೆರಡು ಲಕ್ಷದ ಮೇಲೆ ಮೂರು ವರ್ಷದಲ್ಲಿ ನಲವತ್ತೈದು ಸಾವಿರ ಹೆಚ್ಚಿಗೆ ಹೋಗಿದೆ. ಉಳಿದ ಹಣವನ್ನು ಪಟ್ಟಿಯಾದ ನಿಧಿಗೆ ವರ್ಗಾಯಿಸಿಕೊಡಬೇಕೆಂದು ಅವರು ಕೋರಿದ್ದಾರೆ. ದೂರವಾಣಿ ವಿನಿಮಯ ಕೇಂದ್ರದಲ್ಲಿ ದುಡಿದವರಿಗೆ ಷೇರು ವಿನಿಮಯ ಕೇಂದ್ರದ ಮೇಲೆ ಹಕ್ಕಿರುತ್ತದೆಂದು ಅವರಿಗೆ ಯಾರು ಹೇಳಿದರೋ ತಿಳಿದಿಲ್ಲ.

೯. ಅವರು ಕಳೆದ ಸೋಮವಾರ ಕಿಟಕಿಯ ಬಳಿ ಬಂದು ಕೊಟ್ಟ ಹೇಳಿಕೆಯನ್ನು ಇದ್ದಂತೆಯೇ ದಾಖಲಿಸಲಾಗಿದೆ: "ಪಟ್ಟಿ ಬ್ಯಾಡ ಅಂತ ಬರದು ಕೊಟ್ಟಾಕಿ ನಾನು. ಬ್ಯಾಡ ಅಂದಾಕಿ ಕಡೆನ ಮೂರು ವರ್ಷ ಪಟ್ಟಿ ಎತ್ತೀರಿ. ನಲವತ್ತೈದು ಸಾವಿರ ಅಂದ್ರ ನನ್ನ ಒಂದು ಕಿವಿ ಐತ್ರಿ ಅದು." ಕಿವಿ ಕೇಳದವರ ದನಿ ದೊಡ್ಡದಿರುವುದರಿಂದ ಇದು ಮೂರನೇ ಮಹಡಿಯವರೆಗೂ ಕೇಳಿಸಿದೆ. ಅಂದಿನಿಂದ ಇಂದಿನವರೆಗೆ ನೂರಾ ಆರು ಮಂದಿ ಇದೇ ಬಗೆಯ ಅರ್ಜಿ ಕೇಳಿದ್ದಾರೆ. ನಮೂನೆ ಮುಗಿದಿದೆ ಎಂದು ತಿಳಿಸಲಾಗಿದೆ.

೧೦. ಆದರೂ ಯಾರ ಮಾತನ್ನೂ ಕೇಳದೆ ತೀರ್ಮಾನಿಸುವುದು ಈ ವಿಭಾಗದ ಪದ್ಧತಿಯಲ್ಲ. ಸಹಜ ನ್ಯಾಯದ ದೃಷ್ಟಿಯಿಂದ ಶ್ರೀಮತಿ ಅಂಬುಬಾಯಿ ಅವರಿಗೆ ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ ವಿಚಾರಣೆಯ ಅವಕಾಶ ಕೊಡಲಾಯಿತು. ವಿಚಾರಣೆಯನ್ನು ದೂರವಾಣಿಯ ಮೂಲಕ ನಡೆಸಲಾಯಿತು. ಪಟ್ಟಿಯಾಗದ ನಿಧಿಯಲ್ಲೇ ಮುಂದುವರಿಯಲು ಒಪ್ಪಿಗೆಯೇ ಎಂದು ಮೂರು ಸಲ ಕೇಳಲಾಯಿತು. ಅರ್ಜಿದಾರರು ಮೂರು ಸಲವೂ "ಹಲೋ, ಯಾರ್ರೀ" ಎಂದಿದ್ದನ್ನು ಬಿಟ್ಟರೆ ಯಾವ ಆಕ್ಷೇಪವನ್ನೂ ಎತ್ತಲಿಲ್ಲ. ಆಕ್ಷೇಪ ಎತ್ತದಿರುವುದನ್ನು ಒಪ್ಪಿಗೆಯೆಂದು ಪರಿಗಣಿಸಿ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.

೧೧. ಒಂದು ನಿಧಿಯಿಂದ ಇನ್ನೊಂದಕ್ಕೆ ವರ್ಗಾಯಿಸಿಕೊಳ್ಳುವ ಅವಧಿ ಇಂದು ಸಂಜೆ ೫.೦೦ಕ್ಕೆ ಮುಗಿಯುತ್ತದೆ, ಮುಂದಿನ ಅವಧಿ ಮೂರು ವರ್ಷದ ನಂತರ. ಶ್ರೀಮತಿ ಅಂಬುಬಾಯಿ ಅವರು ಈ ಆದೇಶದ ವಿರುದ್ಧ ಮೇಲ್ಮನವಿ ಸಲ್ಲಿಸಲು ಬಯಸಿದಲ್ಲಿ, ಆದೇಶ ಕೈಸೇರಿದ ಹತ್ತು ನಿಮಿಷದೊಳಗೆ ಸಲ್ಲಿಸಲು ಅವರಿಗೆ ಪೂರ್ಣ ಸ್ವಾತಂತ್ರ್ಯವಿದೆ.

(ಸಹಿ)
ಸೂರ್ಯನಾರಾಯಣ
ಉಪನಿರ್ದೇಶಕರು (ನಿಧಿ, ಗೋಡೆ ಹಾಗೂ ಪೀಠೋಪಕರಣ)

ಪ್ರತಿಗಳು:
೧. ಎಲ್ಲ ಸದಸ್ಯರಿಗೆ, ನಾಳೆ.
೨. ಏಳನೇ ಕಲಮಿನ ಎಂಟು ಅಧಿಕಾರಿಗಳಿಗೆ, ಮೊನ್ನೆಯೇ ಕೊಡಲಾಗಿದೆ.
೩. ಶ್ರೀ ನರಹರಿ, ಗುಮಾಸ್ತರು: ಬಡ್ತಿಯ ಆದೇಶದೊಂದಿಗೆ.
೪. ಉತ್ತರದ ಗೋಡೆಗೆ, ಅಂಟಿಸಲು.
೫. ಶ್ರೀಮತಿ ಅಂಬುಬಾಯಿ, ಕೂಕಟ್‌ಪಲ್ಲಿ: ಸಮಯ ಕಡಿಮೆ ಇರುವುದರಿಂದ ದೂರವಾಣಿಯಲ್ಲಿ ಓದಿ ಹೇಳಲಾಗುವುದು.