ಸೂಪರ್ ಎಂಬ ಬಾಲ

ಹಾಸಿಗೆ ಅಂಗಡಿಯ ಸಾಹುಕಾರರಿಗೆ ಈ ಭೂಮಂಡಲದಲ್ಲಿ ಯಾರೂ ಟೋಪಿ ಹಾಕಲಾರರು ಎಂಬುದು ಖುದ್ದು ಸಾಹುಕಾರರ ಅಭಿಪ್ರಾಯ. (ಹಾಕುವುದು ಅವರದೇ ಕಸುಬಾದ್ದರಿಂದ ಅಳತೆ ಗೊತ್ತಿತ್ತು.)

ಮಗಳು ಕಾರ್ಟೂನ್ ಚಿತ್ರ ಮಾಡುವವಳು. ಸೋಮವಾರದೊಳಗೆ ಮೂರು ನಿಮಿಷದ ಚಿತ್ರ ಒಪ್ಪಿಸಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆಯೇ ಖಾಯಂ. ಆದರೆ ಅವಳ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ ಮುದಿಯಾಗಿತ್ತು. ಪರದೆಯ ಮೇಲಿನ ಕುದುರೆ ಎತ್ತಿದ ಕಾಲು ಇಳಿಸುವಷ್ಟರಲ್ಲಿ ಚಹಾ ತಣ್ಣಗಾಗುತ್ತಿತ್ತು.

ಶುಕ್ರವಾರ ಮಗಳು ಕೂತಲ್ಲಿಂದಲೇ ಹೇಳಿದಳು: "ಅಪ್ಪಾ, 640 ಸೂಪರ್ ಕಾರ್ಡ್ ತಗೊಂಡ್ಬಾ. ಆರು ಅಂದ್ರೆ ಎಷ್ಟನೇ ತಲೆಮಾರು ಅಂತ, ನಲವತ್ತು ಅಂದ್ರೆ ಅದರಲ್ಲಿ ಯಾವ ದರ್ಜೆ ಅಂತ. ಸೂಪರ್ ಅನ್ನೋ ಬಾಲ ಮಾತ್ರ ಮರೀಬೇಡ."

"ಬಾಲ ನೋಡಿ ಯಾರಾದ್ರೂ ಕುದುರೆ ಕೊಳ್ತಾರೇನೇ?"

"ಹೇಳಿದ್ದಷ್ಟೇ ತನ್ನಿ," ಎಂದರು ಒಳಗಿನಿಂದ ಹೆಂಡತಿ. "ಚೌಕಾಸಿ ಮಾಡಿ ಮುಚ್ಚಳ ಇಲ್ಲದ ಕುಕ್ಕರ್ ತಂದ ಮಹಾನುಭಾವರು!"

ಕಂಪ್ಯೂಟರ್ ಅಂಗಡಿಯಲ್ಲಿ ಎರಡು ಡಬ್ಬಿಗಳಿದ್ದವು: 640 ಮತ್ತು 640 ಸೂಪರ್. ಎರಡರ ಮೇಲೂ ಮೆಮೊರಿ ಹನ್ನೆರಡು ಜಿಬಿ. ಬೆಲೆ ಮಾತ್ರ ಒಂದಕ್ಕೆ ಒಂದೂವರೆ. ಸಾಹುಕಾರರ ಮುಖದಲ್ಲಿ ಜ್ಞಾನೋದಯದ ಕಾಂತಿ ಮೂಡಿತು. ಅವರ ಅಂಗಡಿಯಲ್ಲೂ 'ರಾಯಲ್', 'ರಾಯಲ್ ಸೂಪರ್' ಎಂಬ ಹಾಸಿಗೆಗಳಿದ್ದವು. ತೂಕ ಒಂದೇ, ಹತ್ತಿ ಒಂದೇ. ಸೂಪರಿಗೆ ಹೊಳೆಯುವ ಗವಸು.

"ಸೂಪರಿನಲ್ಲಿ ಲೆಕ್ಕ ಮಾಡೋ ಕೋರ್‌ಗಳು ಜಾಸ್ತಿ ಸಾರ್," ಎಂದ ಅಂಗಡಿಯವನು. "ಮೆಮೊರಿ ಅಷ್ಟೇ ಇದ್ರೂ ಕೆಲಸ ಬೇಗ."

"ಈ ಆಟ ನನ್ನ ಹತ್ರ ಬೇಡ ಕಣಯ್ಯಾ! ಹಾಸಿಗೆ ಮಾರೋನು ನಾನು. ತೂಕ ಒಂದೇ ಅಂದ್ರೆ ಒಳಗಿನ ಹತ್ತೀನೂ ಒಂದೇ. ಸೂಪರ್ ಅಂತ ಚೀಟಿ ಯಾಕೆ ಅಂಟಿಸ್ತಾರೆ ಅಂತ ನನಗೇ ಹೇಳಿಕೊಡ್ತೀಯಾ? ದಿನಾ ನಾನೇ ಅಂಟಿಸ್ತೀನಿ!"

ಅಂಗಡಿಯವನ ಹುಬ್ಬು ಮೇಲೇರಿತು. "ತಮ್ಮ ಅಂಗಡಿ ಎಲ್ಲಿ ಸಾರ್?"

"ದೊಡ್ಡ ಗಡಿಯಾರದ ಎದುರು!"

ಅವನು ಬಾಲವಿಲ್ಲದ ಡಬ್ಬಿಯನ್ನು ಕಟ್ಟಿಕೊಟ್ಟ.

ಮನೆಯಲ್ಲಿ ಕುದುರೆ ಓಡಿತು, ಕುಂಟುತ್ತಾ. ಮಗಳು ತಲೆ ಮೇಲೆ ಕೈಹೊತ್ತಳು. "ಹೀಗಾದ್ರೆ ಮುಗಿಯೋದು ಬುಧವಾರ. ಸೂಪರ್ ಆಗಿದ್ರೆ ಭಾನುವಾರ!" ಹೆಂಡತಿ ಡಬ್ಬಿಯೊಳಗೆ ಇಣುಕಿ, "ಇದಕ್ಕಾದ್ರೂ ಮುಚ್ಚಳ ಕೊಟ್ಟಿದ್ದಾನಾ?" ಎಂದರು.

ಶನಿವಾರ ಬೆಳಿಗ್ಗೆ ಸಾಹುಕಾರರು ತಮ್ಮ ಅಂಗಡಿಯ ಬಾಗಿಲು ತೆಗೆದು, ಮೊದಲ ಗಿರಾಕಿಗಳನ್ನು ಆಳಿಗೆ ಒಪ್ಪಿಸಿ, ಡಬ್ಬಿ ಬದಲಾಯಿಸಲು ಹೊರಡುವಷ್ಟರಲ್ಲಿ ಕಂಪ್ಯೂಟರ್ ಅಂಗಡಿಯವನೇ ಎದುರಾದ. ಹಿಂದೆ ಒಂದು ತಳ್ಳುಗಾಡಿ, ಗಾಡಿಯ ಮೇಲೆ ನಾಲ್ಕು ರಾಯಲ್ ಸೂಪರ್.

"ಹೋದ ತಿಂಗಳು ನಮ್ಮನೆಯವಳು ಇಲ್ಲೇ ಕೊಂಡಿದ್ದು ಸಾರ್. ಬರೀ ರಾಯಲ್ ಕೊಟ್ಟು, ಮಿಕ್ಕ ದುಡ್ಡು ವಾಪಸ್ ಕೊಡಿ."

ಒಳಗಿದ್ದ ಗಿರಾಕಿಗಳು ಕಿವಿ ನಿಮಿರಿಸಿದರು. ಸಾಹುಕಾರರು ಗಂಟಲು ಸರಿಮಾಡಿಕೊಂಡರು. "ಸೂಪರ್ ಅಂದ್ರೆ ಸೂಪರೇ ಕಣಯ್ಯಾ. ಒಳಗಿನ ಸತ್ವವೇ ಬೇರೆ!"

"ಹೌದಾ ಸಾರ್? ಹಾಗಿದ್ರೆ ಹೊಲಿಗೆ ಬಿಚ್ಚಿ ಎಲ್ಲರೂ ನೋಡೇಬಿಡೋಣ," ಎಂದು ಅವನು ಜೇಬಿನಿಂದ ಕತ್ತರಿ ತೆಗೆದ.

ಹೊಲಿಗೆ ಬಿಚ್ಚುವ ಪ್ರಮೇಯ ಬರಲಿಲ್ಲ. ಸಾಹುಕಾರರು ಅವಸರವಾಗಿ ಮಿಕ್ಕ ದುಡ್ಡು ಎಣಿಸಿಕೊಟ್ಟರು, ಡಬ್ಬಿಯನ್ನೂ ಬದಲಾಯಿಸಿಕೊಂಡರು. ಮಧ್ಯಾಹ್ನ ಮಗಳ ಕೋಣೆಯಲ್ಲಿ 640 ಸೂಪರ್ ಬಲದಿಂದ ಕುದುರೆ ನಾಗಾಲೋಟದಲ್ಲಿತ್ತು. ಅದೇ ಹೊತ್ತಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಸಾಹುಕಾರರು ಕುಕ್ಕರಗಾಲಲ್ಲಿ ಕೂತು, ಉಗುರಿನಿಂದ ಕೆರೆದು ಕೆರೆದು ಒಂದೊಂದೇ ಹಾಸಿಗೆಯ ಬಾಲ ಕೀಳುತ್ತಿದ್ದರು.