ಒಂದು ಟ್ಯಾಂಕಿಗೆ ಒಂದೇ ಬಾಟ್ಲಿ

ಬಾಟ್ಲಿಯ ಮುಚ್ಚಳ ತಿರುವಿದೊಡನೆ ಮೂಗಿಗೆ ಬಡಿದ ವಾಸನೆ ಟರ್ಬೋವನ್ನು ಸೀದಾ ಅಪ್ಪನ ಸ್ಕೂಟರಿನ ಮುಂದೆ ತಂದು ನಿಲ್ಲಿಸಿತು. ಚಿಕ್ಕವನಿದ್ದಾಗ ಪೆಟ್ರೋಲ್ ಬಂಕಿನಲ್ಲಿ ಹ್ಯಾಂಡಲ್ ಹಿಡಿದು ನಿಂತು, ಬೇರೆ ಮಕ್ಕಳು ಹೂವು ಮೂಸುವಂತೆ ಅವನು ಪೆಟ್ರೋಲ್ ಮೂಸುತ್ತಿದ್ದ. "ಸಾಕು ಬಿಡೋ, ಗಾಡಿಗೂ ಒಂಚೂರು ಉಳಿಸು" ಎಂದು ಅಪ್ಪ ತಲೆಗೆ ಮೊಟಕುತ್ತಿದ್ದರು. ಆ ವಾಸನೆ ತಲೆಯಿಂದ ಇಳಿಯಲೇ ಇಲ್ಲ. ನೀರಿನ ಬಿಲ್ ಕಟ್ಟಿಸಿಕೊಳ್ಳುವ ಗುಮಾಸ್ತನಾದ ಮೇಲೆ, ಯಾರೋ ಓಡಿಸಿ ಬಿಟ್ಟ ಕೆಂಪು ಟರ್ಬೋ ಕಾರೊಂದನ್ನು ಮನೆಗೆ ತಂದ. ಅಂದಿನಿಂದ ಬೀದಿಯವರು ಅವನ ಸ್ವಂತ ಹೆಸರನ್ನೇ ಮರೆತರು.

ಕಾರಿಗೊಂದು ರೋಗವಿತ್ತು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಸಾಕು, ಎಲ್ಲಿಂದಲೋ ಟಕಟಕ, ಟಕಟಕ. ಮೆಕ್ಯಾನಿಕ್ ಕಿವಿಗೊಟ್ಟು ಕೇಳಿ, ಆಪರೇಷನ್ ಆಗಲೇಬೇಕೆನ್ನುವ ಡಾಕ್ಟರಂತೆ ತಲೆಯಾಡಿಸಿದ್ದ.

"ಎಂಜಿನ್ ಬಡ್ಕೋತಿದೆ ಸಾರ್. ಇಂಥ ಸ್ಪೀಡ್ ಗಾಡಿಗೆ ಬಂಕಿನ ಪೆಟ್ರೋಲ್ ಸಾಲಲ್ಲ, ಹೊತ್ತಿಗೆ ಮುಂಚೆನೇ ಹತ್ಕೊಂಡ್‌ಬಿಡುತ್ತೆ. ಪೆಟ್ರೋಲಿಗೆ ಬೆರೆಸೋ ಔಷಧಿ ಇದೆ, ಆಕ್ಟೇನ್ ಬೂಸ್ಟರ್ ಅಂತ, ಅದನ್ನ ಹಾಕಿ. ಆದ್ರೆ ಒಂದು ಟ್ಯಾಂಕಿಗೆ ಒಂದೇ ಬಾಟ್ಲಿ!"

ಇಷ್ಟರಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಹೆಂಡತಿಯ ತಂಗಿಯ ಗಂಡನಿಗೆ, ಅಂದರೆ ಷಡ್ಡಕನಿಗೆ, ಆ ಕಾರಿನ ಮೇಲೆ ಮೊದಲಿನಿಂದಲೂ ಕಣ್ಣು. "ಅದು ಕಾರೋ, ಟೈಪ್‌ರೈಟರೋ?" ಎಂದು ಅವನು ಎಲ್ಲರೆದುರು ಚುಚ್ಚಿದಾಗ ಟರ್ಬೋ ಎದ್ದು ನಿಂತಿದ್ದ. "ಭಾನುವಾರ ಗುಡ್ಡದ ಮೇಲಿನ ರೇಡಿಯೋ ಗೋಪುರದವರೆಗೂ ಟಕ್ ಅನ್ನದೆ ಹತ್ತಿಸ್ತೀನಿ. ಆಗ್ಲಿಲ್ವಾ, ಕಾರು ನಿನ್ನದು, ಮದುವೆಮನೆಗಳಿಗೆ ಬಾಡಿಗೆ ಕುರ್ಚಿ ಸಾಗಿಸೋ ನಿನ್ನ ವ್ಯಾನು ನನ್ನದು!"

ಹೆಂಡತಿ ಹಣೆ ಚಚ್ಚಿಕೊಂಡಿದ್ದಳು.

ಈಗ ಆ ಭಾನುವಾರ ಬಂದಿತ್ತು. ಟ್ಯಾಂಕಿಗೆ ಬಾಟ್ಲಿ ಸುರಿದು, ಹಸುಗೂಸಿನ ಬೆನ್ನು ತಟ್ಟುವಂತೆ ಕಾರನ್ನು ತಟ್ಟಿ, ಟರ್ಬೋ ಸ್ನಾನ ಮುಗಿಸಿ ಬಂದ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಾರಿನ ಹತ್ತಿರ ಸುಮ್ಮಸುಮ್ಮನೆ ನಗುತ್ತ ನಿಂತಿದ್ದರು. ಎದುರು ಮನೆಯ ದರ್ಜಿ ಅಳತೆ ಟೇಪಿಗೆ ಕೈ ಒರೆಸಿಕೊಳ್ಳುತ್ತಿದ್ದ.

"ನಾವೂ ಬರ್ತೀವಪ್ಪಾ, ಧೈರ್ಯಕ್ಕೆ" ಎಂದರು ಮೇಷ್ಟ್ರು. ಇಬ್ಬರೂ ಹಿಂದಿನ ಸೀಟು ಹಿಡಿದರು. ಗುಡ್ಡದ ಬುಡದಲ್ಲಿ ಷಡ್ಡಕ ವ್ಯಾನು ನಿಲ್ಲಿಸಿ ಮುಂದೆ ಬಂದು ಕೂತ. ಮೆಕ್ಯಾನಿಕ್ ಬೈಕಿನಲ್ಲಿ ಹಿಂಬಾಲಿಸಿದ.

ಮೊದಲ ಏರಿಗೇ ಟಕಟಕ. ಟರ್ಬೋ ತಕ್ಷಣ ರೇಡಿಯೋ ಜೋರು ಮಾಡಿದ.

"ಅದನ್ನ ಆರಿಸಣ್ಣ, ಎಂಜಿನ್ ಸಂಗೀತ ಕೇಳಿಸ್ತಿಲ್ಲ" ಎಂದ ಷಡ್ಡಕ.

"ಇನ್ನೂ ಮೈ ಬಿಸಿ ಆಗಿಲ್ಲ ಅದಕ್ಕೆ. ಗೋಪುರ ಬರೋದ್ರೊಳಗೆ ಸರಿಹೋಗುತ್ತೆ!" ಟರ್ಬೋ ಹಲ್ಲು ಕಚ್ಚಿ ಒತ್ತಿದ. ಕಾರು ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಸೀನಿತು, ಚಳಿ ಹಿಡಿದಂತೆ ನಡುಗಿ ನಡು ತಿರುವಿನಲ್ಲೇ ಮಲಗಿಬಿಟ್ಟಿತು.

ಮೆಕ್ಯಾನಿಕ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿದ. ಇಟ್ಟಿಗೆ ಪುಡಿ ಮೆತ್ತಿದಂತೆ ಕೆಂಪಗಿತ್ತು.

"ಎಷ್ಟು ಬಾಟ್ಲಿ ಹಾಕಿದ್ರಿ ಸಾರ್?"

"ನನ್ನಾಣೆ, ಒಂದೇ!"

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನೀನು ಸ್ನಾನಕ್ಕೆ ಹೋದಾಗ ನಾನೂ ಒಂದು ಹಾಕ್ದೆ ಕಣಪ್ಪಾ. ಉಪಕಾರ ಹೇಳ್ಕೊಂಡು ಮಾಡಬಾರದಲ್ಲ."

"ನಾನೂನೂ" ಎಂದ ದರ್ಜಿ. "ಮೇಷ್ಟ್ರು ಆಕಡೆ ತಿರುಗಿದಾಗ. ನಿಮ್ಮ ಮೋರೆ ನೋಡೋಕಾಗ್ತಿರಲಿಲ್ಲ ಸಾರ್."

ಮೆಕ್ಯಾನಿಕ್ ತನ್ನ ಚಪ್ಪಲಿ ನೋಡಿಕೊಂಡ. "ನಿನ್ನೆ ಸರ್ವಿಸ್ ಮಾಡ್ದಾಗ... ನಂದೂ ಒಂದಿತ್ತು. ಗೆಲ್ಲಲಿ ಪಾಪ ಅಂತ."

ಬೈಯೋಣವೆಂದರೆ ಮೂವರ ಮುಖವೂ ಪರೀಕ್ಷೆಯಲ್ಲಿ ಗೆಳೆಯನಿಗೆ ಉತ್ತರ ತೋರಿಸಿ ಸಿಕ್ಕಿಬಿದ್ದವರಂತಿತ್ತು.

ಮೆಕ್ಯಾನಿಕ್ ಟ್ಯಾಂಕ್ ಬಸಿದು, ಹೊಸ ಪ್ಲಗ್ ಹಾಕಿ, ಕ್ಯಾನಿನಲ್ಲಿದ್ದ ಬರಿಯ ಪೆಟ್ರೋಲ್ ತುಂಬಿದ. ಟರ್ಬೋ ಕಾರಿನಿಂದ ತನ್ನ ಸಾಮಾನು ತೆಗೆದುಕೊಂಡ: ಒಂದು ಕನ್ನಡಕ, ಒರೆಸುವ ಬಟ್ಟೆ, ಸೀಟಿನಡಿ ಸಿಕ್ಕಿಕೊಂಡಿದ್ದ ಊಟದ ಸ್ಟೀಲ್ ಡಬ್ಬಿ. ಕಾರಿನ ಕೀಲಿ ಕೊಟ್ಟು ವ್ಯಾನಿನದು ಇಸಿದುಕೊಂಡ. ಷಡ್ಡಕ ಹತ್ತಿದ, ಒತ್ತಿದ. ಕಾರು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಸದ್ದಿಲ್ಲದೆ ಗೋಪುರದವರೆಗೂ ಏರಿಹೋಯಿತು.

"ಬರೀ ಬಂಕಿನ ಪೆಟ್ರೋಲಿಗೆ!" ಮೆಕ್ಯಾನಿಕ್ ಬಾಯಿ ತೆರೆದೇ ನಿಂತ.

ಮೆಕ್ಯಾನಿಕ್ ಬೈಕ್ ಹತ್ತಿ ಹೋದ, ಉಳಿದ ಮೂವರೂ ನಡೆದು ಕೆಳಗಿಳಿದು ವ್ಯಾನು ಹತ್ತಿದರು. ಒಂದು ಉಬ್ಬು ದಾಟಿದರೋ ಇಲ್ಲವೋ, ಟಕಟಕ, ಟಕಟಕ.

"ಅಂಟುರೋಗ ಇರ್ಬೇಕು ಸಾರ್" ಎಂದ ದರ್ಜಿ ಹೆದರಿ.

"ಇದಕ್ಕೂ ಒಂದು ಬಾಟ್ಲಿ..." ಎಂದರು ಮೇಷ್ಟ್ರು.

"ಬೇಡ!"

ಟರ್ಬೋ ವ್ಯಾನು ನಿಲ್ಲಿಸಿದ. ಪಕ್ಕದ ಸೀಟಿನಲ್ಲಿದ್ದ ಡಬ್ಬಿಯನ್ನು ಮೆಲ್ಲಗೆ ಅಲ್ಲಾಡಿಸಿದ. ಟಕಟಕ. ಮುಚ್ಚಳ ತೆಗೆದ. ಒಳಗೊಂದು ಚಮಚ. ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಸ್ಟೀಲಿಂದು" ಎಂದರು.

ಟರ್ಬೋ ಫೋನಿನಲ್ಲಿ ಚಮಚದ ಕಥೆ ಹೇಳಿ ಕಾರು ವಾಪಸ್ ಕೇಳಿದಾಗ ಷಡ್ಡಕ ಹೊಟ್ಟೆ ಹಿಡಿದು ನಕ್ಕ. "ಟಕ್ ಅನ್ನದೆ ಹತ್ತಿಸ್ತೀನಿ ಅಂದಿದ್ದೆ ಅಣ್ಣ. ಎಂಜಿನ್ ಟಕ್ ಅಂದ್ರೆ ಮಾತ್ರ ಲೆಕ್ಕ, ಚಮಚ ಅಂದ್ರೆ ಲೆಕ್ಕವಿಲ್ಲ ಅಂತ ನೀನು ಹೇಳಿರ್ಲಿಲ್ಲ!"

ಮನೆಗೆ ಬಂದು ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿ, ಡಬ್ಬಿಯನ್ನು ಅಡುಗೆಮನೆಯಲ್ಲಿಟ್ಟು, ಟರ್ಬೋ ಮತ್ತೆ ಹೋಗಿ ವ್ಯಾನಿನಲ್ಲೇ ಕೂತ. ದೂರದ ಗೋಪುರವನ್ನು ದುರುಗುಟ್ಟಿ ನೋಡಿದ. "ಈ ಡಕೋಟವನ್ನೇ ಹತ್ತಿಸ್ತೀನಿ. ಹತ್ತಿಸಿಯೇ ಹತ್ತಿಸ್ತೀನಿ" ಎಂದು ಗೊಣಗಿದ.

ಹೆಂಡತಿ ಬಂದಳು. ಬೆಳಗಿನಿಂದ ಉಪವಾಸವಿದ್ದವನಿಗೆ ಅದೇ ಡಬ್ಬಿಯನ್ನು ತೊಳೆದು, ಬಿಸಿ ಊಟ ತುಂಬಿ, ಕಿಟಕಿಯಿಂದ ಕೈಗಿತ್ತಳು.

ಅನುಮಾನಕ್ಕೆ ಅವನು ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದ. ಸದ್ದೇ ಇಲ್ಲ. ಮುಚ್ಚಳ ತೆಗೆದ. ಚಮಚಕ್ಕೆ ಬಟ್ಟೆ ಸುತ್ತಿಟ್ಟಿದ್ದಳು.